ಮಗು ಪೇಂಟ್ ತಿನ್ನಲ್ಲ, ಆದರೂ ರಕ್ತದಲ್ಲಿ ಸೀಸ

"ನಮ್ಮ ಮಗು ಗೋಡೆ ಬಣ್ಣ ಕೆರೆದು ತಿನ್ನೋದೇ ಇಲ್ಲ ಡಾಕ್ಟ್ರೇ." ರಕ್ತದಲ್ಲಿ ಸೀಸ ಜಾಸ್ತಿ ಇದೆ ಎಂದ ಕೂಡಲೇ ಅಪ್ಪ ಅಮ್ಮಂದಿರು ಹೇಳುವ ಮಾತು ಇದು. ನಾನು ನಂಬುತ್ತೇನೆ. ಬಹಳಷ್ಟು ಮಕ್ಕಳು ತಿನ್ನುವುದಿಲ್ಲ. ಅವರ ಹೊಟ್ಟೆಗೆ ಹೋಗುವುದು ಸೀಸ ಬೆರೆತ ಹಳೆ ಪೇಂಟಿನ ದೂಳು.

ಹಳೆಯ ಮನೆಯ ಮರದ ಕಿಟಕಿಯೊಂದನ್ನು ಹತ್ತು ಸಲ ತೆರೆದು ಮುಚ್ಚಿ. ಬಾಗಿಲು ಚೌಕಟ್ಟಿಗೆ ಉಜ್ಜುವ ಅಂಚಿನಲ್ಲಿ ಪೇಂಟ್ ಸವೆದು ಕೆಳಗಿನ ಮರ ಕಾಣುತ್ತಿರುತ್ತದೆ. ಸವೆದ ಪೇಂಟ್ ಎಲ್ಲಿ ಹೋಯಿತು? ಹಿಟ್ಟಿನಷ್ಟು ನುಣ್ಣಗಾಗಿ ಕಿಟಕಿ ಕಟ್ಟೆಯ ಮೇಲೆ, ಅಲ್ಲಿಂದ ನೆಲಕ್ಕೆ. ಅದೇ ನೆಲದಲ್ಲಿ ಮಗು ಅಂಬೆಗಾಲಿಡುತ್ತದೆ, ಅದೇ ಕಟ್ಟೆ ಹಿಡಿದು ಎದ್ದು ನಿಲ್ಲುತ್ತದೆ, ಆಮೇಲೆ ಕೈ ಬಾಯಿಗೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಇಡೀ ದಿನ ಇದೇ ಕೆಲಸ ಅಲ್ವಾ?

ಇದು ಹೊಸ ವಿಷಯವೇನೂ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲೇ ಮಕ್ಕಳ ಸೀಸದ ವಿಷಕ್ಕೆ ಮನೆಯ ಕಂಬಿ ಮತ್ತು ಗೋಡೆಗಳ ಬಣ್ಣ ಕಾರಣ ಎಂದು ಬರೆದಿದ್ದರು. ನೂರು ವರ್ಷ ದಾಟಿದರೂ ನಾವು ಅದೇ ಕಿಟಕಿಯ ಮುಂದೆ ನಿಂತಿದ್ದೇವೆ.

ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಎಳೆ ಮಕ್ಕಳಲ್ಲಿ ಅರ್ಧದವರೆಗೂ ಸೇರಬಹುದು. ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಹಾಗಾಗಿ ಸೀಸದ ಜೊತೆಗೆ ಕಬ್ಬಿಣದ ಪರೀಕ್ಷೆಯನ್ನೂ ನಾನು ತಪ್ಪದೆ ಬರೆಯುತ್ತೇನೆ.

ಲಕ್ಷಣ ಕಂಡಾಗ ನೋಡೋಣ ಎಂದು ಕಾಯಬೇಡಿ. ಹೆಚ್ಚಿನ ಮಕ್ಕಳಲ್ಲಿ ಏನೂ ಕಾಣುವುದಿಲ್ಲ. ಹೊಟ್ಟೆನೋವು, ಮಲಬದ್ಧತೆ, ಸುಮ್ನೆ ರಚ್ಚೆ ಹಿಡಿಯುವುದು, ಇವೆಲ್ಲ ಯಾವ ಮಗುವಿಗಿಲ್ಲ? ಗೊತ್ತಾಗುವುದು ರಕ್ತ ಪರೀಕ್ಷೆಯಿಂದಲೇ. ಬೆರಳಿಗೆ ಚುಚ್ಚಿ ತೆಗೆದ ರಕ್ತದಲ್ಲಿ ಅಂಕಿ ಜಾಸ್ತಿ ಬಂದರೆ, ತೋಳಿನ ನಾಳದಿಂದ ತೆಗೆದು ಮತ್ತೆ ನೋಡುತ್ತೇವೆ. ಬೆರಳಿಗೆ ಅಂಟಿದ ದೂಳೇ ಆ ಹನಿಗೆ ಸೇರಿರಬಹುದು. ಹಾಗೆ ಸೇರಿದ್ದರೆ, ಅದೂ ಒಂದು ಸುಳಿವೇ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 3.5 ಮೈಕ್ರೋಗ್ರಾಂ ಎಂಬ ಗಡಿ ಇಟ್ಟಿತು. ಅದರ ಕೆಳಗೆ ಇದ್ದರೆ ಸುರಕ್ಷಿತ ಎಂದಲ್ಲ. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

"ಔಷಧಿ ಕೊಟ್ಬಿಡಿ" ಎನ್ನುತ್ತಾರೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಇದೆ, ನಿಜ. ಆದರೆ ಅದನ್ನು ಸಾಮಾನ್ಯವಾಗಿ ಕೊಡುವುದು ಮಟ್ಟ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ಮುಟ್ಟಿದ ಮೇಲೆ. ಔಷಧಿ ತೆಗೆದುಕೊಂಡು ಮಗು ಮತ್ತೆ ಅದೇ ಕಿಟಕಿ ಹತ್ತಿರ ಹೋದರೆ ಏನು ಬಂತು? ಮೂಳೆಯಲ್ಲಿ ಕೂತ ಸೀಸವೂ ವರ್ಷಗಟ್ಟಲೆ ರಕ್ತಕ್ಕೆ ಇಳಿಯುತ್ತಿರುತ್ತದೆ. ನಾನು ಚೀಟಿಗಿಂತ ಪ್ರಶ್ನೆಗಳಿಗೇ ಹೆಚ್ಚು ಸಮಯ ಕೊಡುವುದು ಅದಕ್ಕೆ. ಮನೆ ಎಷ್ಟು ಹಳೆಯದು? ನಲ್ಲಿಗೆ ಸೀಸದ ಕೊಳವೆ ಇದೆಯಾ? (ನೀರು ಕುದಿಸಿದರೆ ಸೀಸ ಹೋಗುವುದಿಲ್ಲ.) ಮನೆಯಲ್ಲಿ ಯಾರಾದರೂ ಬ್ಯಾಟರಿ, ಬೆಸುಗೆ, ಪೇಂಟಿಂಗ್ ಕೆಲಸ ಮಾಡುತ್ತಾರಾ? ಹಾಗಿದ್ದರೆ ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುವುದು ಬೇಡ.

ಒಂದು ಮನೆಯವರು ನನ್ನ ಮಾತು ಕೇಳಿ ಆ ವಾರವೇ ಕಿಟಕಿ, ಬಾಗಿಲುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಹೊಸ ಬಣ್ಣ ಬಳಿದರು. ಮುಂದಿನ ಪರೀಕ್ಷೆಯಲ್ಲಿ ಅಂಕಿ ಏರಿತ್ತು. ತಪ್ಪು ನನ್ನದು. ಏನು ಮಾಡಬಾರದು ಎಂದು ನಾನು ಹೇಳಿರಲಿಲ್ಲ. ಒಣಗಿದ ಹಳೆ ಪೇಂಟ್ ಉಜ್ಜಿದರೆ, ಸುಟ್ಟು ಕಿತ್ತರೆ ಮನೆ ತುಂಬ ಸೀಸ. ಆ ಕೆಲಸ ತಿಳಿದವರಿಗೆ ಬಿಡಿ, ಮುಗಿದು ಸ್ವಚ್ಛವಾಗುವವರೆಗೆ ಮಕ್ಕಳೂ ಗರ್ಭಿಣಿಯರೂ ಬೇರೆ ಕಡೆ ಇರಲಿ.

ಅಲ್ಲಿಯವರೆಗೆ ಒದ್ದೆ ಬಟ್ಟೆ ಸಾಕು. ಪೊರಕೆ ಬೇಡ, ಅದು ದೂಳನ್ನು ಎಬ್ಬಿಸುತ್ತದೆ. ಕಿಟಕಿ ಕಟ್ಟೆ ಒರೆಸಿದ ಬಟ್ಟೆಯಿಂದ ನೆಲ ಒರೆಸಬೇಡಿ, ಅದನ್ನು ಎಸೆದುಬಿಡಿ. ಊಟಕ್ಕೆ ಮೊದಲು, ಮಲಗುವ ಮೊದಲು ಮಗುವಿನ ಕೈ ತೊಳೆಸಿ. ಮುಂದಿನ ಸಲ ಬರುವಾಗ ಮಗುವಿನ ಅಣ್ಣ, ಅಕ್ಕ ಇದ್ದರೆ ಅವರನ್ನೂ ಕರೆತನ್ನಿ. ಅವರೂ ಅದೇ ಕಟ್ಟೆ ಹಿಡಿದೇ ಎದ್ದು ನಿಂತವರು.