ನಾಲ್ಕು ಪಾಲು ಸಾಲದು ಮಾರಾಯ್ರೆ

ಬೇಣಕ್ಕೆ, ಅಂದರೆ ದನ ಮೇಯುವ ಹುಲ್ಲುಗಾವಲಿಗೆ, ಹುಲ್ಲು ಬಿತ್ತಿ, ನಾಲ್ಕು ಪಾಲು ಮಾಡಿ, ಸೋಲಾರ್ ಬೇಲಿ ಎಳೆದು, ವಾರಕ್ಕೊಂದು ಪಾಲಿನಲ್ಲಿ ದನ ಬಿಡುತ್ತಾರೆ. ವರ್ಷ ಕಳೆಯುವುದರೊಳಗೆ ಫೋನ್ ಬರುತ್ತದೆ: "ಡಾಕ್ಟ್ರೇ, ಹುಲ್ಲೆಲ್ಲ ಹೋಯ್ತು, ಬರೀ ಕಳೆ ಎದ್ದಿದೆ. ಬೀಜವೇ ಸರಿ ಇರಲಿಲ್ಲ ಕಾಣ್ತದೆ." ಬೀಜ ಸರಿಯಾಗೇ ಇರುತ್ತದೆ. ಸಾಮಾನ್ಯವಾಗಿ ತಪ್ಪಿರುವುದು ಆ ಏಳು ದಿನದಲ್ಲಿ.

ಶಿರಸಿ ಸುತ್ತ ಇದನ್ನು ಹೇಳಿ ಹೇಳಿ ನನಗೇ ಬೇಜಾರು ಬಂದಿದೆ. ಇನ್ನೊಮ್ಮೆ ಹೇಳುತ್ತೇನೆ. ದನ ಕಚ್ಚಿದ ಗಿಡದಲ್ಲಿ ಎಲೆ ಹೆಚ್ಚು ಉಳಿದಿರುವುದಿಲ್ಲ. ಬೇರು, ಬುಡದಲ್ಲಿ ಕೂಡಿಟ್ಟ ಸತ್ವ ಖರ್ಚು ಮಾಡಿ ಅದು ಹೊಸ ಚಿಗುರು ತೆಗೆಯುತ್ತದೆ. ಮಳೆಗಾಲದಲ್ಲಿ ಮೂರು-ನಾಲ್ಕು ದಿನಕ್ಕೇ ಚಿಗುರು ಕಾಣುತ್ತದೆ. ದನ ಇನ್ನೂ ಅಲ್ಲೇ ಇದ್ದರೆ ಬಲಿತ ಹುಲ್ಲು ಬಿಟ್ಟು ಆ ಎಳೆ ಚಿಗುರನ್ನೇ ಹುಡುಕಿ ತಿನ್ನುತ್ತದೆ. ಮತ್ತೆ ಚಿಗುರಬೇಕೆಂದರೆ ಬೇರಿನಲ್ಲಿ ಏನು ಉಳಿದಿರುತ್ತದೆ? ಹೀಗೆ ಒಳ್ಳೆಯ ಹುಲ್ಲು ಸೊರಗುತ್ತದೆ, ದನ ಮೂಸದ ಕಳೆ ಹಬ್ಬುತ್ತದೆ.

ಆದ್ದರಿಂದ ಒಂದು ಪಾಲಿನಲ್ಲಿ ಮೂರೇ ದಿನ. ನಾಲ್ಕು ಬೆರಳು ಕೂಳೆ ಉಳಿದಿರುವಾಗಲೇ ದನ ಎಬ್ಬಿಸಿ. ಹುಲ್ಲಿಗೆ 30 ದಿನ ಬಿಡುವು ಬೇಕೆಂದುಕೊಳ್ಳಿ. 30ನ್ನು 3ರಿಂದ ಭಾಗಿಸಿ, ದನ ಮೇಯುತ್ತಿರುವ ಪಾಲು ಒಂದನ್ನು ಸೇರಿಸಿ. 11 ಪಾಲು ಆಯ್ತಲ್ವಾ? ಇಷ್ಟು ಹೇಳಿದರೆ "ಅಷ್ಟು ಕಂಬಕ್ಕೆ ದುಡ್ಡೆಲ್ಲಿ?" ಅಂತಾರೆ. ಹೊರಗಿನ ಬೇಲಿ ಗಟ್ಟಿ ಇದ್ದರೆ ಒಳಗೆ ದನದ ಹಿಂದೊಂದು, ಮುಂದೊಂದು ತಂತಿ ಸಾಕು, ಸರಿಸುತ್ತಾ ಹೋಗಿ. ಮಲೆನಾಡು ಗಿಡ್ಡ ಸಾಕಿದವರು ಮಾತ್ರ ಒಂದು ತಂತಿ ನಂಬಿ ಕೂರಬೇಡಿ. ಅವು ಹಾರುತ್ತವೆ, ಪಕ್ಕದ ಮನೆಯವರ ಹತ್ತಿರ ಬೈಸಿಕೊಳ್ಳುವುದು ನೀವು!

30 ಅನ್ನುವುದೂ ಅಂದಾಜೇ. ಮಳೆಗಾಲದಲ್ಲಿ ಮೂರು ವಾರಕ್ಕೆ ಹುಲ್ಲು ಎದ್ದೀತು, ಡಿಸೆಂಬರ್ ಆದ ಮೇಲೆ ಆರು ವಾರವೂ ಸಾಲದೇ ಹೋಗಬಹುದು. ಕ್ಯಾಲೆಂಡರ್ ಬಿಟ್ಟು ಗಿಡ ನೋಡಿ.

ಕುದುರೆ ಮೆಂತ್ಯ, ಅಂದರೆ ಲೂಸರ್ನ್ ಎಂಬ ದ್ವಿದಳ ಮೇವಿನ ಮೇಲೆ ಎಲ್ಲರಿಗೂ ಆಸೆ. ನಮ್ಮ ಹುಳಿ ಮಣ್ಣು, ನಾಲ್ಕು ತಿಂಗಳ ಮಳೆ ಅದಕ್ಕೆ ಆಗಿಬರುವುದು ಕಷ್ಟ. ನೀರು ನಿಂತರೆ ಬೇರು ಕೊಳೆಯುತ್ತದೆ. ಬೇಣಕ್ಕೆ ಸ್ಟೈಲೋ ಎಂಬ ಇನ್ನೊಂದು ದ್ವಿದಳ ಮೇವು ವಾಸಿ. ಲೂಸರ್ನ್ ಬೇಕೇ ಬೇಕು ಅನ್ನುವವರು ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಸುಣ್ಣ ಹಾಕಿ, ನೀರು ಬಸಿಯುವ ಜಾಗದಲ್ಲಿ ಮಳೆ ಮುಗಿದ ಮೇಲೆ ಬಿತ್ತಿ. ಜೊತೆಗೆ ಅರ್ಧಕ್ಕರ್ಧ ಹುಲ್ಲಿರಲಿ. ಹೂ ಬಿಡಲು ಶುರುವಾಗುವವರೆಗೆ ದನ ಬಿಡಬೇಡಿ.

ಬನವಾಸಿ ಕಡೆ ಒಬ್ಬರು ಇಬ್ಬನಿ ಆರುವ ಮೊದಲೇ ಹಸಿದ ಜರ್ಸಿ ಆಕಳನ್ನು ಎಳೆ ಲೂಸರ್ನ್‌ಗೆ ಬಿಟ್ಟಿದ್ದರು. ನಾನು ಹೋಗುವಾಗ ಎಡಗಡೆ ಹೊಟ್ಟೆ ಡೋಲಿನ ಹಾಗೆ ಬಿಗಿದಿತ್ತು. ಪುಣ್ಯಕ್ಕೆ ಬದುಕಿತು. ಅವರ ಅಮ್ಮ ಪಕ್ಕದಲ್ಲೇ ನಿಂತು, "ಒಣಹುಲ್ಲು ಹಾಕಿ ಬಿಡು ಅಂತ ನಾ ಹೇಳಿದ್ದೆ" ಎಂದು ಮಗನಿಗೆ ಗೊಣಗುತ್ತಲೇ ಇದ್ದರು. ಅಮ್ಮನ ಮಾತೇ ಸರಿ. ಹೊಟ್ಟೆ ಉಬ್ಬರ ಕಂಡರೆ ಸಿಕ್ಕಸಿಕ್ಕ ಎಣ್ಣೆ ಸುರಿಯುತ್ತಾ ಕೂರಬೇಡಿ, ದಾರಿ ತಪ್ಪಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೂಡಲೇ ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿ.