ಅಂಗಡಿಯಲ್ಲಿ ಮಾದರಿ ತೆಗೆದ ದಿನವೇ ಕೇಸು ಶುರು

ಆಹಾರದ ಕೇಸಿನಲ್ಲಿ ಸಿಲುಕಿದ ವ್ಯಾಪಾರಿಗಳು ಸಾಮಾನ್ಯವಾಗಿ ವಕೀಲರ ಕಚೇರಿಗೆ ಬರುವುದು ನ್ಯಾಯಾಲಯದ ಸಮನ್ಸ್ ಕೈಸೇರಿದ ಮೇಲೆ. ಅಷ್ಟು ಹೊತ್ತಿಗೆ ಕೇಸಿನ ಮುಖ್ಯ ಭಾಗ ಮುಗಿದುಹೋಗಿರುತ್ತದೆ. ಕಿರಾಣಿ ಅಂಗಡಿ, ಬೇಕರಿ, ಸಣ್ಣ ಹೋಟೆಲ್ ನಡೆಸುವವರ ಪರ ವಾದಿಸುವ ನನಗೆ ಇದಕ್ಕಿಂತ ಸಂಕಟದ ಸಂಗತಿ ಬೇರೊಂದಿಲ್ಲ. ಕಾನೂನು ಕೊಟ್ಟ ಅವಕಾಶವನ್ನು ಯಾರೂ ಕಿತ್ತುಕೊಂಡಿರುವುದಿಲ್ಲ, ಗೊತ್ತಿಲ್ಲದ್ದರಿಂದಲೇ ಅದು ಕೈತಪ್ಪಿರುತ್ತದೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಎರಡು ದಾರಿಗಳಿವೆ. ಪ್ರಯೋಗಾಲಯದ ವರದಿ 'ಕಳಪೆ ಗುಣಮಟ್ಟ' ಎಂದರೆ, ಅಥವಾ ಲೇಬಲ್ಲಿನಲ್ಲಿ ದೋಷವಿದೆ ಎಂದರೆ, ವಿಚಾರಣೆ ಅಪರ ಜಿಲ್ಲಾಧಿಕಾರಿಗಳ ಮುಂದೆ ನಡೆಯುತ್ತದೆ. ಅಲ್ಲಿ ದಂಡ ಮಾತ್ರ: ಕಳಪೆಗೆ 5 ಲಕ್ಷ, ಲೇಬಲ್ ದೋಷಕ್ಕೆ 3 ಲಕ್ಷ ರೂಪಾಯಿವರೆಗೆ. ವರದಿಯಲ್ಲಿ 'ಅಸುರಕ್ಷಿತ' ಎಂದಿದ್ದರೆ ಅದು ಕ್ರಿಮಿನಲ್ ಕೇಸು, ವ್ಯಾಪಾರಿ ಆರೋಪಿಯಾಗಿ ಕಟಕಟೆಯಲ್ಲಿ ನಿಲ್ಲಬೇಕು. ಒಂದೇ ಪದ ಮನುಷ್ಯನ ಮುಂದಿನ ಕೆಲವು ವರ್ಷಗಳನ್ನು ನಿರ್ಧರಿಸುತ್ತದೆ.

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸಬಾರದೆಂದು ಕರ್ನಾಟಕ ಸರ್ಕಾರ ಆದೇಶಿಸಿದಾಗ, ಜೀವಾವಧಿ ಶಿಕ್ಷೆಯಾಗುತ್ತದೆಯೇ ಎಂದು ನಡುಗುತ್ತ ಕೇಳಿದವರಿದ್ದರು. 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆ ಇರುವುದು ಆಹಾರ ತಿಂದು ಸಾವು ಸಂಭವಿಸಿದಾಗ. ಯಾರಿಗೂ ಅಪಾಯವಾಗದ ಪ್ರಕರಣಗಳಲ್ಲಿ ಮೊದಲು 6 ತಿಂಗಳವರೆಗೆ ಸಜೆಯಿತ್ತು. 2023ರ ಜನ ವಿಶ್ವಾಸ ತಿದ್ದುಪಡಿ ಅದನ್ನು 3 ತಿಂಗಳಿಗೆ ಇಳಿಸಿ, ದಂಡವನ್ನು 3 ಲಕ್ಷಕ್ಕೆ ಏರಿಸಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣವನ್ನು ಮಕ್ಕಳ ಮಿಠಾಯಿಗೆ ಬೆರೆಸುವವನಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬೆರೆಸಿದವನು ಯಾರು ಎಂಬುದು ನ್ಯಾಯವಾಗಿ ಸಾಬೀತಾಗಬೇಕು.

ಆ ಸಾಬೀತಿನ ಬುಡ ಇರುವುದು ಅಂಗಡಿಯಲ್ಲೇ. ಖಾರದ ಪುಡಿಯ ಮಾದರಿ ತೆಗೆಯುವುದನ್ನೇ ನೋಡಿ. ಆಹಾರ ಸುರಕ್ಷತಾಧಿಕಾರಿ ಸ್ಥಳದಲ್ಲೇ ಲಿಖಿತ ನೋಟಿಸ್ ಕೊಡಬೇಕು, ಪುಡಿಯ ಬೆಲೆ ಪಾವತಿಸಬೇಕು, ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲು ಹಾಕಬೇಕು. ಪ್ರತಿ ಪೊಟ್ಟಣಕ್ಕೂ ಅಂಕಿತ ಅಧಿಕಾರಿಯ (ಆ ಪ್ರದೇಶದ ಆಹಾರ ಸುರಕ್ಷತೆಯ ಹೊಣೆ ಹೊತ್ತ ಮೇಲಧಿಕಾರಿ) ಸಹಿ ಮತ್ತು ಕೋಡ್ ಸಂಖ್ಯೆ ಇರುವ ಚೀಟಿ ಅಂಟಿಸಬೇಕು. ವ್ಯಾಪಾರಿಯ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಹೊದಿಕೆ ಕಾಗದದ ಮೇಲೆ ಬೀಳಬೇಕು. ಚೀಟಿ ಬದಲಾದರೆ ಸಹಿ ಕೂಡುವುದಿಲ್ಲ; ಪಾಟೀಸವಾಲಿನಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ.

ನಾಲ್ಕರಲ್ಲಿ ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, ಎರಡು ಅಂಕಿತ ಅಧಿಕಾರಿಯ ಸುಪರ್ದಿಯಲ್ಲಿರುತ್ತವೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ ಎಂದು ವ್ಯಾಪಾರಿ ಕೇಳಬಹುದು, ಖರ್ಚು ಅವರದೇ. ಎರಡು ವರದಿಗಳು ಬೇರೆಬೇರೆಯಾದರೆ ಉಳಿಸಿಟ್ಟ ಭಾಗಗಳಲ್ಲೊಂದು ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದರ ತೀರ್ಮಾನವೇ ಅಂತಿಮ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಅಂಥದ್ದೊಂದು ಪ್ರಯೋಗಾಲಯ. ಆದರೆ ನಾಲ್ಕನೆಯ ಭಾಗವನ್ನು ಕೇಳಿ ಪಡೆದ ಸಣ್ಣ ವ್ಯಾಪಾರಿಗಳು ತೀರ ವಿರಳ. ಎದುರಿಗೆ ಅಧಿಕಾರಿ, ಬಾಗಿಲಲ್ಲಿ ಗಿರಾಕಿಗಳು, ಒಮ್ಮೆ ಇವರು ಹೋದರೆ ಸಾಕೆಂಬ ಆತಂಕ. ತೋರಿಸಿದಲ್ಲೆಲ್ಲ ಸಹಿ ಹಾಕುತ್ತಾರೆ. ನಾಲ್ಕನೆಯ ಭಾಗದ ಬಗ್ಗೆ ನೋಟಿಸಿನಲ್ಲಿರುವ ಆ ಒಂದು ಸಾಲನ್ನು ಅಧಿಕಾರಿಗಳು ಗಟ್ಟಿಯಾಗಿ ಓದಿ ಹೇಳಬೇಕೆಂಬುದು ನನ್ನ ಬಹುದಿನದ ಒತ್ತಾಯ.

ಎರಡನೆಯ ಅವಕಾಶ ಅಂಚೆಯಲ್ಲಿ ಬರುತ್ತದೆ. ವಿಶ್ಲೇಷಕರ ವರದಿಯ ಪ್ರತಿ ಕೈಸೇರಿದ 30 ದಿನಗಳೊಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಿದರೆ, ಮಾದರಿಯನ್ನು ರೆಫರಲ್ ಪ್ರಯೋಗಾಲಯಕ್ಕೆ ಕಳುಹಿಸಲು ಕೋರಬಹುದು. ಆ ಲಕೋಟೆಯನ್ನು ಸರ್ಕಾರಿ ಕಾಗದವೆಂದು ಬಿಲ್ಲುಗಳ ಕಟ್ಟಿಗೆ ಸೇರಿಸಿ ಮರೆತವರೇ ಹೆಚ್ಚು. ಅವಧಿ ಮೀರಿದ ಮೇಲೆ ವರದಿಯ ತಪ್ಪನ್ನು ನ್ಯಾಯಾಲಯದಲ್ಲಿ ತೋರಿಸಿಕೊಡುವುದು ಬಹಳ ಕಷ್ಟ.

ಖರೀದಿ ಬಿಲ್ಲಿನ ಬಗ್ಗೆಯೂ ಹೇಳಲೇಬೇಕು. ಕಾಯ್ದೆಯ ಪ್ರಕಾರ ತಯಾರಕ ಅಥವಾ ವಿತರಕ ಕೊಟ್ಟ ಬಿಲ್ಲನ್ನೇ ಮಾಲಿನ ಬಗೆಗಿನ ಲಿಖಿತ ಖಾತರಿಯೆಂದು ಭಾವಿಸಲಾಗುತ್ತದೆ. ಮೊಹರಾದ ಪೊಟ್ಟಣವನ್ನು ಬಿಲ್ಲಿನೊಂದಿಗೆ ಕೊಂಡು, ಸರಿಯಾಗಿ ಶೇಖರಿಸಿ, ಹಾಗೆಯೇ ಮಾರಿದ್ದರೆ ತಾನು ಎಚ್ಚರ ವಹಿಸಿದ್ದೆನೆಂಬ ಪ್ರತಿರಕ್ಷೆಗೆ ನೆಲೆ ಸಿಗುತ್ತದೆ. ಬಿಲ್ಲಿಲ್ಲದೆ ಎರಡು ರೂಪಾಯಿ ಕಡಿಮೆಗೆ ಕೊಂಡ ಮಾಲಿಗೆ ಈ ರಕ್ಷಣೆಯಿಲ್ಲ.

ಪೊಲೀಸರೂ ಬೇರೆ ಎಫ್‌ಐಆರ್ ಹಾಕಬಹುದೇ ಎಂದು ಕೇಳುತ್ತಾರೆ. ರಾಮ್ ನಾಥ್ ಪ್ರಕರಣದಲ್ಲಿ 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಅಸುರಕ್ಷಿತ ಆಹಾರಕ್ಕೆ ಈ ಕಾಯ್ದೆಯ 59ನೇ ಕಲಮು ಅನ್ವಯಿಸುವಾಗ ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ ಕಲಬೆರಕೆ ಕುರಿತ 272, 273ನೇ ಕಲಮುಗಳಡಿ ಕೇಸು ನಡೆಸುವಂತಿಲ್ಲ.

ಕೊನೆಯದಾಗಿ ದಿನಾಂಕಗಳು. ಅಪರಾಧ ನಡೆದ ಒಂದು ವರ್ಷದ ನಂತರ ನ್ಯಾಯಾಲಯ ದೂರನ್ನು ವಿಚಾರಣೆಗೆ ಅಂಗೀಕರಿಸುವಂತಿಲ್ಲ; ಆಹಾರ ಸುರಕ್ಷತಾ ಆಯುಕ್ತರು ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಅನುಮತಿಸಿದರೆ ಮಾತ್ರ 3 ವರ್ಷದವರೆಗೆ ಅವಕಾಶ. ಹಾಗಾಗಿ ಕಚೇರಿಗೆ ಬರುವವರನ್ನು ನಾನು ಮೊದಲು ಕೇಳುವುದು ಮಾದರಿ ತೆಗೆದ ದಿನ, ವರದಿ ತಲುಪಿದ ದಿನ ಮತ್ತು ದೂರು ದಾಖಲಾದ ದಿನ. ವರದಿ ಬಂದ ಲಕೋಟೆಯನ್ನೂ ಎಸೆಯದೆ ತನ್ನಿ. ಅದರ ಮೇಲಿನ ಅಂಚೆ ಮುದ್ರೆಯ ತಾರೀಖಿನಿಂದ ಎಷ್ಟೋ ಸಲ ಮೇಲ್ಮನವಿಯ ಅವಧಿ ಇನ್ನೂ ಮುಗಿದಿಲ್ಲವೆಂದು ತೋರಿಸಬಹುದು.