ಕಂದು ಬಣ್ಣ ಯಾರದ್ದು?

ಹುಟ್ಟಿ ಎರಡು ದಿನವಾದರೂ ಮಗು ಮೊದಲ ಕಪ್ಪು ಮಲ ಮಾಡಿಲ್ಲ, ಹೊಟ್ಟೆ ಉಬ್ಬಿದೆ, ಹಸಿರು ವಾಂತಿ. ಇಷ್ಟು ಬರೆದ ಚೀಟಿಯ ಜೊತೆ ಗುದನಾಳದಿಂದ ತೆಗೆದ, ಅಕ್ಕಿಕಾಳಿಗಿಂತ ಚಿಕ್ಕ ತುಣುಕೊಂದು ಫಾರ್ಮಲಿನ್ ಬಾಟಲಿಯಲ್ಲಿ ಪೆಥಾಲಜಿಸ್ಟ್ ಆದ ನನ್ನ ಮೇಜಿಗೆ ಬರುತ್ತದೆ. ಮಕ್ಕಳ ಸರ್ಜನ್ ಕೇಳುವುದು ಒಂದೇ ಮಾತು: ಗ್ಯಾಂಗ್ಲಿಯಾನ್ ಕೋಶ, ಅಂದರೆ ಕರುಳಿನ ನರಕೋಶ, ಇದೆಯೋ, ಇಲ್ಲವೋ?

'ಇದೆ' ಎನ್ನುವುದು ಸುಲಭ, ಒಂದೇ ಒಂದು ಕೋಶ ಕಂಡರೂ ಸಾಕು. 'ಇಲ್ಲ' ಎನ್ನುವುದೇ ಕಷ್ಟ. ಆ ಮಾತಿನ ಮೇಲೆ ಕೂಸಿನ ಕರುಳು ಕತ್ತರಿಸುತ್ತಾರೆ.

ಸುಮಾರು 5000 ಮಕ್ಕಳಲ್ಲಿ ಒಂದಕ್ಕೆ ಬರುವ ಈ ಕಾಯಿಲೆಗೆ ಹರ್ಷ್‌ಸ್ಪ್ರುಂಗ್ ಎಂದು ಹೆಸರು. ಅದನ್ನು 1886ರಲ್ಲಿ ವಿವರಿಸಿದ ಕೋಪನ್‌ಹೇಗನ್ನಿನ ವೈದ್ಯ ಹರಾಲ್ಡ್ ಹರ್ಷ್‌ಸ್ಪ್ರುಂಗ್ ಉಬ್ಬಿದ ದೊಡ್ಡ ಕರುಳನ್ನೇ ರೋಗವೆಂದುಕೊಂಡ. ಕೆಟ್ಟಿರುವುದು ಅದರ ಕೆಳಗಿನ, ನೋಡಲು ಸರಿಯಾಗೇ ಕಾಣುವ ಭಾಗ. ಭ್ರೂಣದಲ್ಲಿ ಕರುಳಿನ ನರಕೋಶಗಳು ಮೇಲಿನಿಂದ ಗುದದ ಕಡೆಗೆ ಇಳಿದು ಬರುತ್ತವೆ. ನಡುದಾರಿಯಲ್ಲಿ ನಿಂತುಬಿಟ್ಟರೆ, ಅಲ್ಲಿಂದ ಕೆಳಗಿನ ಕರುಳು ಸಡಿಲವಾಗುವುದನ್ನೇ ಅರಿಯದು.

ಮಾಮೂಲಿ ಬಣ್ಣದಲ್ಲಿ ನವಜಾತ ಶಿಶುವಿನ ನರಕೋಶ ಮೋಸ ಮಾಡುತ್ತದೆ. ಇನ್ನೂ ಬಲಿಯದ ಅದು ಲಿಂಫೋಸೈಟ್‌ನಂತೆಯೋ, ರಕ್ತನಾಳದ ಒಳಪದರದ ಕೋಶದಂತೆಯೋ ಕಾಣುತ್ತದೆ. ಹತ್ತಾರು ಸ್ಲೈಡ್ ನೋಡಿಯೂ ಅನುಮಾನ ಉಳಿದರೆ ಕ್ಯಾಲ್‌ರೆಟಿನಿನ್ ಎಂಬ ಪ್ರೋಟೀನು ಇರುವಲ್ಲಿ ಕಂದು ಬಣ್ಣ ಮೂಡಿಸುವ ಪರೀಕ್ಷೆ ಮಾಡಿಸುತ್ತೇನೆ. ಕ್ಯಾಲ್ಸಿಯಂ ಹಿಡಿದಿಡುವ ಈ ಪ್ರೋಟೀನು ನರಕೋಶದಲ್ಲಷ್ಟೇ ಅಲ್ಲ, ಅದು ಲೋಳೆಪೊರೆಯವರೆಗೆ ಚಾಚುವ ಸಣ್ಣ ಎಳೆಗಳಲ್ಲೂ ಇರುತ್ತದೆ. ಹಾಗಾಗಿ ಸರ್ಜನ್ ಆಳಕ್ಕೆ ಹೋಗದೆ ಮೇಲ್ಮೇಲೆ ಕಿತ್ತ ತುಣುಕೂ ಸಾಕ್ಷಿ ಹೇಳುತ್ತದೆ: ಎಳೆ ಕಂದಾಗಿ ಕಂಡರೆ ನೆಮ್ಮದಿ, ಒಂದೂ ಕಾಣದಿದ್ದರೆ ರೋಗದ ಕಡೆಗೆ ಬೊಟ್ಟು. ಹಳೆಯ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಪರೀಕ್ಷೆಗೆ ಹಸಿ ತುಣುಕನ್ನೇ ಹೆಪ್ಪುಗಟ್ಟಿಸಬೇಕಿತ್ತು. ಕ್ಯಾಲ್‌ರೆಟಿನಿನ್ ಪರೀಕ್ಷೆ ಫಾರ್ಮಲಿನ್ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಲ್ಲೇ ಆಗುತ್ತದೆ, ದೂರದೂರಿನಿಂದ ಕೊರಿಯರ್‌ನಲ್ಲಿ ಬಂದದ್ದಕ್ಕೂ ನಡೆಯುತ್ತದೆ.

ಎಡವುವುದು ಎಸ್100 ಎಂಬ ಇನ್ನೊಂದು ಪ್ರೋಟೀನನ್ನು ಹೀಗೇ ಕಂದಾಗಿಸುವ ಪರೀಕ್ಷೆಯ ಬಳಿ. (ಅಮೋನಿಯಂ ಸಲ್ಫೇಟ್‌ನ ನೂರಕ್ಕೆ ನೂರು ತುಂಬಿದ ದ್ರಾವಣದಲ್ಲೂ ಕರಗುತ್ತದೆಂದು ಆ ಹೆಸರು.) ಒಮ್ಮೆ ನಮ್ಮ ಪಿಜಿ ವಿದ್ಯಾರ್ಥಿನಿ ಓಡಿ ಬಂದಳು: "ಸರ್, ತುಂಬಾ ಪಾಸಿಟಿವ್ ಇದೆ, ನಾರ್ಮಲ್!" ನಾನು ಕೇಳಿದೆ: "ಕಂದು ಯಾರದ್ದಮ್ಮ, ನರಕೋಶದ್ದೋ ಅದರ ಸಂಗಾತಿಯದ್ದೋ?" ಎಸ್100 ತೋರಿಸುವುದು ನರಕೋಶವನ್ನು ಸುತ್ತುವರಿದು ಸಲಹುವ ಗ್ಲಯಲ್ ಕೋಶಗಳನ್ನು, ನರದೆಳೆಗೆ ಹೊದಿಕೆಯಾದ ಶ್ವಾನ್ ಕೋಶಗಳನ್ನು. ಅದರಲ್ಲಿ ಗ್ಯಾಂಗ್ಲಿಯಾನ್ ಕೋಶ ಕಾಣುವುದು ಕಂದಿನ ನಡುವಿನ ಬಣ್ಣವಿಲ್ಲದ ತೂತಾಗಿ. ರೋಗವಿರುವ ಕರುಳಿನಲ್ಲಂತೂ ಹೊರಗಿನಿಂದ ಬಂದ ನರಗಳು 40 ಮೈಕ್ರಾನ್ ದಾಟಿ ದಪ್ಪಗಾಗಿರುವುದುಂಟು, ಎಸ್100 ಅಲ್ಲಿ ಇನ್ನೂ ಜೋರು. ಅವಳ ಸ್ಲೈಡಿನಲ್ಲಿ ಇದ್ದದ್ದು ಅಂಥ ನರವೇ, ಒಂದೂ ತೂತಿರಲಿಲ್ಲ. ಕ್ಯಾಲ್‌ರೆಟಿನಿನ್ ಪೂರ್ತಿ ಖಾಲಿ.

ಕ್ಯಾಲ್‌ರೆಟಿನಿನ್‌ಗೂ ಕಣ್ಣುಮುಚ್ಚಿ ತಲೆಬಾಗುವವನಲ್ಲ ನಾನು. ರೋಗದ ಭಾಗ ತೀರಾ ಗಿಡ್ಡವಿದ್ದರೆ ಮೇಲಿನ ಆರೋಗ್ಯವಂತ ಕರುಳಿನ ಎಳೆಗಳು ಕೆಳಕ್ಕೂ ಇಳಿದು ಗೊಂದಲ ಎಬ್ಬಿಸುತ್ತವೆ. ಇನ್ನು ಗುದದ ಅಂಚಿಗೆ ತೀರಾ ಹತ್ತಿರ ತೆಗೆದ ತುಣುಕಿನಲ್ಲಿ ಆರೋಗ್ಯವಂತ ಮಗುವಿಗೂ ನರಕೋಶ ವಿರಳ. ಅಂಥದ್ದು ಬಂದಾಗ 'ಇದೆ', 'ಇಲ್ಲ' ಎರಡನ್ನೂ ಬಿಟ್ಟು 'ತುಣುಕು ಸಾಲದು, ಇನ್ನಷ್ಟು ಮೇಲಿನಿಂದ ಮತ್ತೊಮ್ಮೆ ಕಳಿಸಿ' ಎಂದು ಬರೆಯುತ್ತೇನೆ. ಸರ್ಜನ್ ಫೋನಿನಲ್ಲಿ ಗೊಣಗುತ್ತಾರೆ, ಆದರೂ ಕಳಿಸುತ್ತಾರೆ.